ಅಪ್ಪ-ಅಮ್ಮನ ಜೊತೆ ರೋಮ್‌ನಲ್ಲಿ ಮೂರು ದಿನ: ಈ 18 ಜಾಗಗಳನ್ನು ಯಾವ ಕ್ರಮದಲ್ಲಿ ನೋಡುವುದು?

ಶುಕ್ರ, ಶನಿ, ಭಾನು. 2026ರ ಮೇ 22, 23, 24. ಜೊತೆಗೆ ಅಪ್ಪ-ಅಮ್ಮ. ಎಕ್ಸೆಲ್ ಶೀಟಿನಲ್ಲಿ ಹದಿನೆಂಟು ಜಾಗ. ವ್ಯಾಟಿಕನ್ ಮ್ಯೂಸಿಯಂ ಮಾತ್ರ ಕೊನೆಯ ದಿನಕ್ಕೆ, ಯಾಕೆಂದರೆ 'ಕೊನೆಯ ಭಾನುವಾರ ಫ್ರೀ ಅಂತೆ'. ನಿಮ್ಮ ಪ್ರಶ್ನೆ ಓದುತ್ತಾ ಓದುತ್ತಾ, ಇದನ್ನು ನಾನೇ ಬರೆದು ಮರೆತಿದ್ದೇನಾ ಅನ್ನಿಸಿತು.

ಕ್ರಮದ ಮಾತು ಆಮೇಲೆ. ಮೊದಲು ಆ ಭಾನುವಾರದ ಸಾಲನ್ನು ಅಳಿಸಿ. ಮೇ 24 ತಿಂಗಳ ಕೊನೆಯ ಭಾನುವಾರ ಅಲ್ಲ. ಅದರ ಮುಂದೆ 31 ಇದೆ.

ನಾವು ಹೋಗಿದ್ದು 2023ರ ಅಕ್ಟೋಬರ್‌ನಲ್ಲಿ. ಹೆಂಡತಿ ಶಾಲೆಯಲ್ಲಿ ಟೀಚರ್, ಅವಳಿಗೆ ದಸರಾ ರಜೆ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ರಿಟೈರ್ ಆದವರು. ಅಮ್ಮ ಹಾಸನದ ಕಡೆ ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಟೀಚರ್. ಹೊಸ ಬ್ಯಾಚ್ ಬಂದಾಗಲೆಲ್ಲ ಮೊದಲ ದಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಕೈ ಬರೆಯುತ್ತಿದ್ದರಂತೆ. ಬೆರಳಿಗೆ ಬೆರಳು ಇನ್ನೇನು ತಾಗಬೇಕು, ತಾಗಿಲ್ಲ. ವ್ಯಾಟಿಕನ್ ಮ್ಯೂಸಿಯಂ ಒಳಗಿನ ಸಿಸ್ಟೈನ್ ಚಾಪೆಲ್‌ನ ಛಾವಣಿಗೆ ಮೈಕೆಲಾಂಜೆಲೋ ಬರೆದ ಆಡಮ್ ಮತ್ತು ದೇವರ ಕೈ. 'ಈ ಮಧ್ಯದ ಖಾಲಿ ಜಾಗ ಬರೆಯೋದು ಕಷ್ಟ ಕಣ್ರೋ, ಬೆರಳಲ್ಲ' ಅನ್ನುವುದು ಅವರ ಕಾಯಂ ಡೈಲಾಗ್. ರೋಮ್‌ಗೆ ಹೋಗೋಣ ಅಂದಾಗ ಅಮ್ಮ ಕೇಳಿದ್ದು ಇದೊಂದನ್ನೇ. ಕೊಲೋಸಿಯಂ ಅವರಿಗೆ ಬೇಕಾಗಿರಲಿಲ್ಲ. 'ಮನುಷ್ಯರನ್ನ ಹುಲಿ-ಸಿಂಹಕ್ಕೆ ಬಿಡ್ತಿದ್ದ ಜಾಗ ತಾನೇ' ಅಂದಿದ್ದರು.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಎರಡು ವರ್ಷದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಅಂದು ಟಿಕೆಟ್ ಇಲ್ಲ. ಇಷ್ಟನ್ನು ನಾನು ಸರಿಯಾಗಿಯೇ ಓದಿದ್ದೆ. ಆದರೆ ಓದಿದ್ದು ಕಣ್ಣು, ಲೆಕ್ಕ ಹಾಕಿದ್ದು ಬ್ಯಾಂಕಿನವರ ಮಗನ ತಲೆ. ನಮ್ಮಲ್ಲಿ ಬ್ಯಾಂಕಿಗೆ ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜೆ. ತಿಂಗಳು ಅಂದರೆ ನಾಲ್ಕು ವಾರ, ನಾಲ್ಕನೆಯದು ಅಂದರೆ ಕೊನೆಯದು. ಅಕ್ಟೋಬರ್ 22 ನಾಲ್ಕನೇ ಭಾನುವಾರ, ಹಾಗಾಗಿ ಅದೇ ಕೊನೆಯ ಭಾನುವಾರ! ಬೆರಳು ಮಡಚಿ ನೋಡುವ ಗೋಜಿಗೇ ಹೋಗಲಿಲ್ಲ. ಅಪ್ಪನಿಗೂ ಶೀಟ್ ತೋರಿಸಿದ್ದೆ. 'ನಾಲ್ಕನೇ ಭಾನುವಾರ ತಾನೇ?' ಅಂದರು. 'ಹೂಂ ಅಪ್ಪ' ಅಂದೆ. ಇಬ್ಬರೂ ಸೇರಿ ಪಾಸ್ ಮಾಡಿದೆವು. ಆ ತಿಂಗಳಲ್ಲಿ 1, 8, 15, 22, 29 ಅಂತ ಐದು ಭಾನುವಾರ ಇದ್ದವು.

ದುಡ್ಡಿನ ಲೆಕ್ಕವನ್ನೂ ಕೇಳಿ. ಆಗ ಟಿಕೆಟ್‌ಗೆ 17 ಯೂರೋ, ಆನ್‌ಲೈನ್‌ನಲ್ಲಿ ತಗೊಂಡರೆ ಇನ್ನೊಂದು 5. (2024ರಲ್ಲಿ 17 ಹೋಗಿ 20 ಆಯಿತು.) ನಾಲ್ಕು ಜನಕ್ಕೆ 88 ಯೂರೋ, ಸುಮಾರು ಏಳೂವರೆ ಸಾವಿರ ರೂಪಾಯಿ. ವೀಸಾ, ವಿಮಾನ, ಹೋಟೆಲ್ ಅಂತ ಲಕ್ಷಗಟ್ಟಲೆ ಸುರಿದವನು ಏಳೂವರೆ ಸಾವಿರ ಉಳಿಸಲು ಇಡೀ ಪ್ರವಾಸದ ಕಾರಣವನ್ನೇ ಕೊನೆಯ ದಿನಕ್ಕೆ ತಳ್ಳಿದೆ. ಸೋಮವಾರ ಬೆಳಿಗ್ಗೆ ವಾಪಸ್ ವಿಮಾನ. ಅಂದರೆ ತಪ್ಪಾದರೆ ತಿದ್ದಿಕೊಳ್ಳಲು ಮಾರನೇ ದಿನ ಇಲ್ಲ. ಇದು ಎರಡನೇ ತಪ್ಪು. ನಿಜ ಹೇಳಬೇಕೆಂದರೆ ದೊಡ್ಡ ತಪ್ಪು ಇದೇ. ತಾರೀಕನ್ನು ಯಾರು ಬೇಕಾದರೂ ತಪ್ಪು ಓದಬಹುದು. ಆದರೆ ಅದೇ ಶುಕ್ರವಾರಕ್ಕೆ ಇಟ್ಟಿದ್ದರೆ, ಏನೇ ಎಡವಟ್ಟಾದರೂ ಶನಿವಾರ ಇತ್ತು.

ಶುಕ್ರವಾರ ಕೊಲೋಸಿಯಂ, ಫೋರಂ (ಹಳೇ ರೋಮ್‌ನ ಊರ ನಡುವಿನ ಚೌಕ, ಈಗ ಅವಶೇಷ), ಪ್ಯಾಲಟೈನ್ ಗುಡ್ಡ ಮೂರನ್ನೂ ಒಂದೇ ಟಿಕೆಟ್ಟಿನಲ್ಲಿ ನೋಡಿದೆವು. ಒಂದೇ ಟಿಕೆಟ್ ಅಂದ ಕೂಡಲೇ ಅದನ್ನು ಪೂರ್ತಿ ವಸೂಲಿ ಮಾಡಬೇಕು ಅನ್ನುವುದು ನಮ್ಮ ಹಣೆಬರಹ. ಫೋರಂ ಒಳಗಿನ ಹಳೇ ದಾರಿಯ ಕಲ್ಲು ಚಪ್ಪಡಿಗಳು ಒಂದು ಎದ್ದಿರುತ್ತದೆ, ಒಂದು ಕುಸಿದಿರುತ್ತದೆ. ಸಂಜೆ ಹೊತ್ತಿಗೆ ಅಮ್ಮನ ಮಂಡಿ ಊದಿತ್ತು. ಶನಿವಾರ ಟ್ರೆವಿ ಕಾರಂಜಿ, ಪ್ಯಾಂಥಿಯನ್ (ಈಗ ಚರ್ಚ್ ಆಗಿರುವ ಹಳೇ ರೋಮನ್ ದೇವಸ್ಥಾನ), ನವೋನಾ ಚೌಕ, ಸ್ಪ್ಯಾನಿಷ್ ಮೆಟ್ಟಿಲು. ಆ ಮೆಟ್ಟಿಲುಗಳು 135. ಹತ್ತನೆಯದಕ್ಕೇ ಅಪ್ಪ ಕೂತರು. ತಕ್ಷಣ ಪೊಲೀಸಿನವನ ಸೀಟಿ. 2019ರಿಂದ ಅಲ್ಲಿ ಕೂರುವ ಹಾಗಿಲ್ಲ, ದಂಡ ಇದೆ. 'ಹತ್ತೋಕಾಗಲ್ಲ, ಕೂರೋಹಂಗಿಲ್ಲ, ಮತ್ತೆ ಯಾಕೆ ಕಟ್ಟಿದ್ರಂತೆ?' ಅಂತ ಅಪ್ಪ ಕನ್ನಡದಲ್ಲೇ ಅವನನ್ನು ಕೇಳಿದರು. ಅವನು ನಕ್ಕ, ಆದರೆ ಸೀಟಿ ಬಾಯಿಂದ ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆಲ್ಲ ಮೆಟ್ರೋದ ಎ ಲೈನ್ ಹಿಡಿದು ಒಟ್ಟಾವಿಯಾನೋದಲ್ಲಿ ಇಳಿದೆವು. ಅಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದರು. ವ್ಯಾಟಿಕನ್‌ನ ಆ ಎತ್ತರದ ಇಟ್ಟಿಗೆ ಗೋಡೆ ಪಕ್ಕದಲ್ಲೇ ನಡೆದೆವು. ಒಂದು ನರಪಿಳ್ಳೆ ಇಲ್ಲ. ನಾನು ಹೆಮ್ಮೆಯಿಂದ, 'ನೋಡಿ, ಬೇಗ ಬಂದಿದ್ದಕ್ಕೆ ಕ್ಯೂನೇ ಇಲ್ಲ' ಅಂದೆ. ಹೆಂಡತಿ ಈಗಲೂ ಮನೆಗೆ ಬಂದವರ ಮುಂದೆ ಈ ವಾಕ್ಯವನ್ನು ನನ್ನ ದನಿಯಲ್ಲೇ ಹೇಳಿ ತೋರಿಸುತ್ತಾಳೆ.

ಬಾಗಿಲು ಮುಚ್ಚಿತ್ತು. ಎಂಟಾಯಿತು, ಎಂಟೂವರೆ ಆಯಿತು. ರಸ್ತೆ ಗುಡಿಸುತ್ತಿದ್ದ ಒಬ್ಬರನ್ನು ಕೇಳಿದೆ. 'ಕಿಯೂಸೊ' ಅಂದರು. ಮುಚ್ಚಿದೆ. ನಾನು ಫೋನ್ ತೋರಿಸಿ, ಲಾಸ್ಟ್ ಸಂಡೇ, ಫ್ರೀ ಅಂದೆ. ಅವರು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈಯನ್ನು ಗಾಳಿಯಲ್ಲಿ ಮುಂದಕ್ಕೆ ಒಂದು ಸುತ್ತು ತಿರುಗಿಸಿದರು. 'ದೊಮೇನಿಕಾ ಪ್ರೊಸ್ಸಿಮಾ.' ಮುಂದಿನ ಭಾನುವಾರ. ಅಪ್ಪ ಆಗ ಬೆರಳು ಮಡಚಲು ಶುರು ಮಾಡಿದರು. ಐದನೇ ಬೆರಳಿಗೆ ಬಂದು ನನ್ನ ಮುಖ ನೋಡಿದರು.

ಅಲ್ಲಿ ಹಳೇ ಹೆಬ್ಬಾಗಿಲು ಒಂದಿದೆ. ಈಗ ಹೊರಗೆ ಬರಲು ಬಳಸುತ್ತಾರೆ. ಅದರ ಮೇಲೆ ಇಬ್ಬರು ಕೂತಿರುವ ಕಲ್ಲಿನ ವಿಗ್ರಹ. ಅಮ್ಮ ಕತ್ತೆತ್ತಿ ನೋಡಿ, 'ಇವನು ಮೈಕೆಲಾಂಜೆಲೋ, ಅವನು ರಫಾಯೆಲ್' ಅಂದರು. ಸರಿಯಾಗಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು, 'ಇರ್ಲಿ ಬಿಡಪ್ಪ, ಮೈಕೆಲಾಂಜೆಲೋನನ್ನಾದ್ರೂ ನೋಡಿದ್ನಲ್ಲ' ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಗೋಡೆ ಸುತ್ತಿ ಸೇಂಟ್ ಪೀಟರ್ಸ್‌ಗೆ ಹೋದೆವು. ಚರ್ಚಿಗೆ ಟಿಕೆಟ್ ಇಲ್ಲ, ತಪಾಸಣೆಯ ಕ್ಯೂ ಮಾತ್ರ. ಭುಜ, ಮೊಣಕಾಲು ಮುಚ್ಚಿರಬೇಕು. ಅಮ್ಮನ ಸೀರೆಗೆ ಯಾರೂ ಏನೂ ಅನ್ನಲಿಲ್ಲ. ನಾನು ಚಡ್ಡಿಯಲ್ಲಿದ್ದೆ, ತಡೆದರು. ಹೆಂಡತಿಯ ದುಪಟ್ಟಾವನ್ನು ಪಂಚೆ ಥರ ಸುತ್ತಿಕೊಂಡು ಒಳಗೆ ಹೋದೆ. ಬಲಗಡೆ ಮೊದಲಿಗೇ 'ಪಿಯೆತಾ' ಇದೆ, ಸತ್ತ ಏಸುವನ್ನು ಮಡಿಲಲ್ಲಿ ಮಲಗಿಸಿಕೊಂಡ ಮೇರಿ. ಮೈಕೆಲಾಂಜೆಲೋ ಅದನ್ನು ಮುಗಿಸಿದಾಗ ವಯಸ್ಸು ಇಪ್ಪತ್ನಾಲ್ಕರ ಆಸುಪಾಸು. 1972ರಲ್ಲಿ ಒಬ್ಬ ಸುತ್ತಿಗೆಯಿಂದ ಹೊಡೆದ ಮೇಲೆ ಗಾಜು ಹಾಕಿದ್ದಾರೆ. ಮೇರಿಯ ಎದೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇದೆಯಲ್ಲ, ಅದರ ಮೇಲೆ ಮೈಕೆಲಾಂಜೆಲೋನ ಹೆಸರು ಕೆತ್ತಿದೆ. ಅವನು ತನ್ನ ಹೆಸರು ಹಾಕಿದ್ದು ಇದೊಂದೇ ಕೆಲಸದ ಮೇಲೆ. ಅಮ್ಮ ಕನ್ನಡಕ ಒರೆಸಿ ಒರೆಸಿ ಆ ಅಕ್ಷರ ಹುಡುಕಿದರು. ಗಾಜಿನ ದೂರಕ್ಕೆ ಕಾಣಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸಾನ್ ಪಿಯೆತ್ರೋ ಇನ್ ವಿಂಕೋಲಿ ಅನ್ನುವ ಚರ್ಚಿಗೆ ಹೋದೆವು. ಕೊಲೋಸಿಯಂನಿಂದ ನಡೆಯುವ ದೂರ. ಅದು ನನ್ನ ಶೀಟಿನಲ್ಲಿ ಇರಲೇ ಇಲ್ಲ, ನಿಮ್ಮದರಲ್ಲೂ ಇಲ್ಲ. ಅಲ್ಲಿ ಮೈಕೆಲಾಂಜೆಲೋ ಕಡೆದ ಮೋಸೆಸ್ (ಬೈಬಲ್ಲಿನ ಪ್ರವಾದಿ) ಇದ್ದಾನೆ, ತಲೆಯ ಮೇಲೆ ಎರಡು ಕೊಂಬು. ಎರಡನೇ ಜೂಲಿಯಸ್ ಪೋಪ್‌ನ ಸಮಾಧಿಗೆಂದು ಕಡೆದದ್ದು. ಸಿಸ್ಟೈನ್ ಛಾವಣಿಯನ್ನು 1508ರಿಂದ 1512ರವರೆಗೆ ಬರೆಸಿದವರೂ ಇದೇ ಪೋಪ್. 1505ರಲ್ಲಿ ಒಪ್ಪಿಕೊಂಡ ಸಮಾಧಿ ಮುಗಿದದ್ದು 1545ಕ್ಕೆ, ಅದೂ ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದಾಗಿ. ಪೋಪ್‌ನ ದೇಹ ಇರುವುದೂ ಅಲ್ಲಲ್ಲ, ಸೇಂಟ್ ಪೀಟರ್ಸ್‌ನಲ್ಲಿ. ಇದನ್ನು ಹೇಳಿದಾಗ ಅಮ್ಮನಿಗೆ ಮೊದಲ ಸಲ ನಗು ಬಂತು. 'ಅವರ ಪ್ಲಾನೂ ನಿನ್ನ ಪ್ಲಾನ್ ಥರಾನೇ ಆಗಿದೆ.' ಜನ ಕಡಿಮೆ, ಕೂರಲು ಬೆಂಚು. ಅಮ್ಮ ಪುಟ್ಟ ನೋಟ್‌ಬುಕ್ಕಿನಲ್ಲಿ ಮೋಸೆಸ್‌ನ ಗಡ್ಡವನ್ನೂ, ಗಡ್ಡದೊಳಗೆ ಸಿಕ್ಕಿಕೊಂಡ ಬೆರಳುಗಳನ್ನೂ ಪೆನ್ಸಿಲ್‌ನಲ್ಲಿ ಬರೆಯುತ್ತಾ ಒಂದು ಗಂಟೆ ಕೂತರು. ಮೂರು ದಿನದಲ್ಲಿ ಅವರು ಆತುರವಿಲ್ಲದೆ ಕೂತದ್ದು ಅಲ್ಲೊಂದೇ.

ಈಗ ನಿಮ್ಮ ಶೀಟು. ಹದಿನೆಂಟು ಜಾಗದ ಕ್ರಮ ಕೇಳಿದ್ದೀರಿ, ನಾನು ಹೇಳುವುದಿಲ್ಲ. ಪಟ್ಟಿಯೇ ತಪ್ಪು. ವೀಸಾ ಅರ್ಜಿಗೆ ಜಾಗ ತುಂಬಿಸಲು ಬರೆದದ್ದು ಅದು, ಅಲ್ವಾ? ನಂದೂ ಹಾಗೇ. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ನಿಮಗೊಂದು ಅಂತ ಕೇಳಿ ಉಳಿಸಿಕೊಳ್ಳಿ. ಉಳಿದದ್ದು ದಾರಿಯಲ್ಲಿ ಸಿಕ್ಕರೆ ಸಿಕ್ಕಿತು. ರೋಮ್‌ನಲ್ಲಿ ಸಿಗದೆ ಇರುವುದಿಲ್ಲ, ಯಾವ ಗಲ್ಲಿಗೆ ತಿರುಗಿದರೂ ಎರಡು ಸಾವಿರ ವರ್ಷದ ಕಂಬವೊಂದು ಬೈಕ್ ಪಾರ್ಕಿಂಗ್ ಪಕ್ಕ ನಿಂತಿರುತ್ತದೆ. ಮಧ್ಯೆ ಒಂದು ದಿನ ಫ್ಲಾರೆನ್ಸ್, ಪೀಸಾ ಮುಗಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಮೂರೇ ದಿನದಲ್ಲಿ, ಅಪ್ಪ-ಅಮ್ಮನನ್ನು ಕರೆದುಕೊಂಡು, ಬೇಡವೇ ಬೇಡ.

ವ್ಯಾಟಿಕನ್ ಶುಕ್ರವಾರ ಬೆಳಿಗ್ಗೆಗೆ, ದುಡ್ಡು ಕೊಟ್ಟು, ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ಈಗಲೇ ಬುಕ್ ಮಾಡಿ. ಫ್ರೀ ದಿನ ಸಿಕ್ಕರೂ ಹೋಗಬೇಡಿ. ಅಂದು ಒಳಗೆ ಬಿಡುವುದು ಹನ್ನೆರಡೂವರೆವರೆಗೆ ಮಾತ್ರ, ಎರಡಕ್ಕೆ ಬಾಗಿಲು ಹಾಕುತ್ತಾರೆ. ರೋಮ್‌ನಲ್ಲಿರುವವರೆಲ್ಲ ಆ ಕ್ಯೂನಲ್ಲೇ ಇರುತ್ತಾರೆ. ರೋಮಾ ಪಾಸ್ (ರೋಮ್‌ನ ಮ್ಯೂಸಿಯಂ, ಬಸ್ಸು, ಮೆಟ್ರೋಗೆ ಸೇರಿಸಿ ಕೊಡುವ ಟೂರಿಸ್ಟ್ ಪಾಸ್) ತಗೊಂಡರೆ ವ್ಯಾಟಿಕನ್ ಮ್ಯೂಸಿಯಂ ಸೇರುತ್ತದೆ ಅಂತ ಬರೆದಿದ್ದೀರಿ. ಸೇರುವುದಿಲ್ಲ. ವ್ಯಾಟಿಕನ್ 1929ರಿಂದ ಬೇರೆಯೇ ದೇಶ. ಪಾಸ್ ಬೇರೆ, ರಜೆ ಬೇರೆ. ಇಟಲಿ ಸರ್ಕಾರದ ಮ್ಯೂಸಿಯಂಗಳು ಫ್ರೀ ಇರುವುದು ತಿಂಗಳ ಮೊದಲ ಭಾನುವಾರ, ವ್ಯಾಟಿಕನ್‌ನದು ಕೊನೆಯ ಭಾನುವಾರ. ಇವೆರಡನ್ನೂ ಕಲಸಿ ಬರೆದ ಪ್ರವಾಸ ಲೇಖನಗಳನ್ನು ನಾನೇ ಎಷ್ಟೋ ಓದಿದ್ದೇನೆ.

ಶನಿವಾರ ಕೊಲೋಸಿಯಂ ಇಟ್ಟುಕೊಳ್ಳಿ. ಫೋರಂ ಪೂರ್ತಿ ನಡೆಯಬೇಡಿ, ಮೇಲಿಂದ, ಕ್ಯಾಪಿಟೋಲೈನ್ ಗುಡ್ಡದ ಹಿಂಬದಿಯಿಂದ ನೋಡಿದರೆ ಇಡೀ ಫೋರಂ ಕಾಣುತ್ತದೆ, ದುಡ್ಡೂ ಇಲ್ಲ. ಟೂರಿಸ್ಟ್ ಬಸ್ಸಾ ನಡಿಗೆಯಾ ಅನ್ನುವ ನಿಮ್ಮ ಪ್ರಶ್ನೆಗೆ: ಮಂಡಿ ನೋವಿದ್ದವರಿಗೆ ಟ್ಯಾಕ್ಸಿ. ಉಳಿಸುವುದಾದರೆ ನೀರಿನಲ್ಲಿ ಉಳಿಸಿ. ಊರ ತುಂಬ ಕುಡಿಯುವ ನೀರಿನ ಕಬ್ಬಿಣದ ನಲ್ಲಿಗಳಿವೆ, ನಸೋನಿ ಅನ್ನುತ್ತಾರೆ, ದೊಡ್ಡ ಮೂಗಿನವು ಅಂತ. ಮೂಗಿನ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಬಾಯಿಗೆ ಹಿಡಿಯಬಹುದು. ಅಪ್ಪ ಕಂಡ ಕಂಡ ನಲ್ಲಿಯಲ್ಲೆಲ್ಲ, ಬಾಯಾರಿಕೆ ಇರಲಿ ಇಲ್ಲದಿರಲಿ, ಒತ್ತಿ ನೋಡಿದರು.

ಖಾಲಿಯಾದ ಭಾನುವಾರಕ್ಕೆ ಬದಲಿ ಒಂದಿದೆ. ನಿಮ್ಮ ಮೇ 24 ಪೆಂಟೆಕೋಸ್ಟ್ ಹಬ್ಬ, ಈಸ್ಟರ್ ದಿನವನ್ನೂ ಸೇರಿಸಿ ಎಣಿಸಿದರೆ ಐವತ್ತನೇ ದಿನ. ಅಂದು ಪ್ಯಾಂಥಿಯನ್‌ನಲ್ಲಿ ಬೆಳಗಿನ ಪೂಜೆ ಮುಗಿದ ಮೇಲೆ ಅಗ್ನಿಶಾಮಕ ದಳದವರು ಗುಮ್ಮಟದ ಮೇಲೆ ಹತ್ತಿ, ನಡುವಿನ ತೆರೆದ ಕಿಂಡಿಯಿಂದ ಕೆಂಪು ಗುಲಾಬಿ ದಳ ಸುರಿಯುತ್ತಾರೆ. 43 ಮೀಟರ್ ಎತ್ತರದಿಂದ ಬೀಳಬೇಕು ಅವು. ನಾವು ಹೋದಾಗ ಅದೇ ಕಿಂಡಿಯಿಂದ ಸೋನೆ ಮಳೆ ಬೀಳುತ್ತಿತ್ತು, ನೆಲದಲ್ಲಿ ನೀರು ಹೋಗಲು ಮಾಡಿದ ತೂತುಗಳನ್ನು ಅಮ್ಮ ಎಣಿಸುತ್ತಿದ್ದರು. ಗುಲಾಬಿಗೆ ತುಂಬಾ ಜನ ಸೇರುತ್ತಾರೆ, ಬೆಳಿಗ್ಗೆ ಬೇಗ ಹೋಗಿ ನಿಲ್ಲಿ.

ಮತ್ತೆ, ಕೊಲೋಸಿಯಂ ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ, ಬಾಗಿಲಲ್ಲಿ ನೋಡುತ್ತಾರೆ. ಅಪ್ಪನ ಎರಡು ಇನಿಶಿಯಲ್ಲನ್ನು ಬಿಡಿಸಿ ಬರೆಯಲು ಹೋಗಿ ನಾನು ಪಟ್ಟ ಪಾಡು ಬೇರೆ ಇದೆ. ಅದನ್ನು ಇನ್ಯಾರಾದರೂ ಕೇಳಿದಾಗ ಬರೆಯುತ್ತೇನೆ.