ಮಾಸ್ಟೊಡಾನ್ ಅಪ್‌ಡೇಟ್ ಮಾಡಿದರೆ ನನ್ನ ಸೆಟ್ಟಿಂಗ್ ಅಳಿಸಿ ಹೋಗುತ್ತಾ?

ಹೋಗಲ್ಲ. ಮಾಸ್ಟೊಡಾನ್ ಅನ್ನೋ ಸಾಮಾಜಿಕ ಜಾಲತಾಣದ ಸಾಫ್ಟ್‌ವೇರನ್ನು ಸ್ವಂತ ಸರ್ವರ್‌ನಲ್ಲಿ ನಡೆಸುವಾಗ ಮುಖ್ಯ ಸೆಟ್ಟಿಂಗ್‌ಗಳು ‘ಡಾಟ್ ಎನ್ವ್ ಡಾಟ್ ಪ್ರೊಡಕ್ಷನ್’ (.env.production) ಅನ್ನೋ ಫೈಲಿನಲ್ಲಿರುತ್ತವೆ. ಹೊಸ ಕೋಡ್ ಇಳಿಸಿಕೊಡುವ ಗಿಟ್ ಅನ್ನೋ ಸಾಧನ ಅದನ್ನು ಮುಟ್ಟುವುದಿಲ್ಲ. ಹೊಸ ಆವೃತ್ತಿ ಇಳಿಸಿದರೂ ಅದು ಹಾಗೇ ಉಳಿಯುತ್ತದೆ.

ಅದೇ ಕಾರಣಕ್ಕೆ ಅದರ ಬ್ಯಾಕಪ್ ನಿಮ್ಮ ತಲೆನೋವು. ಡೇಟಾಬೇಸ್ ಒಂದನ್ನೇ ಉಳಿಸಿಕೊಂಡು ಸುಮ್ನೆ ಕೂತರೆ ಸಾಲದು. ಮಾಸ್ಟೊಡಾನ್ 4.3ನೇ ಆವೃತ್ತಿಯಿಂದ, ಡೇಟಾಬೇಸಿನ ಕೆಲವು ಗುಟ್ಟಿನ ಡೇಟಾಗೆ ಬೀಗ ಹಾಕುವ ‘ಆಕ್ಟಿವ್ ರೆಕಾರ್ಡ್ ಎನ್‌ಕ್ರಿಪ್ಷನ್’ ಹೆಸರಿನ ಮೂರು ಕೀಗಳೂ ಈ ಫೈಲಿನಲ್ಲಿರಬೇಕು. ಅವು ಕಳೆದರೆ ಅವುಗಳಿಂದ ಬೀಗ ಹಾಕಿದ ಡೇಟಾ ಮತ್ತೆ ತೆರೆಯಲ್ಲ. ನಾನು ಫೈಲಿನ ಒಂದು ಪ್ರತಿಯನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡುತ್ತೇನೆ. ಎಲ್ಲರಿಗೂ ಕಾಣುವ ಗಿಟ್ ರೆಪೋಗೆ (ಕೋಡ್ ಸಂಗ್ರಹಕ್ಕೆ) ಮಾತ್ರ ಹಾಕಬೇಡಿ, ಡೇಟಾಬೇಸ್ ಪಾಸ್‌ವರ್ಡ್ ಕೂಡ ಅಲ್ಲೇ ಇರುತ್ತೆ ಅಲ್ವಾ!

ಇದೇ ಫೈಲಿನಲ್ಲಿ ನಿಮ್ಮ ಸರ್ವರ್‌ನ ಹೆಸರು ಹೇಳುವ ‘ಲೋಕಲ್ ಡೊಮೈನ್’ (LOCAL_DOMAIN) ಸಾಲನ್ನು ಸರ್ವರ್ ಶುರುವಾದ ಮೇಲೆ ಬದಲಿಸಬೇಡಿ. ಬದಲಿಸಿದರೆ ಬೇರೆ ಸರ್ವರ್‌ಗಳಿಗೆ ನಿಮ್ಮ ಖಾತೆಗಳ ಗುರುತೇ ಸಿಗಲ್ಲ. ಬೇರೆ ಸೆಟ್ಟಿಂಗ್ ತಿದ್ದಿದರೆ ಮಾಸ್ಟೊಡಾನ್‌ನ ಮೂರು ಸೇವೆಗಳನ್ನೂ ರೀಸ್ಟಾರ್ಟ್ ಮಾಡಿ: ವೆಬ್, ಹಿನ್ನೆಲೆ ಕೆಲಸ ಮಾಡುವ ಸೈಡ್‌ಕಿಕ್, ಸ್ಟ್ರೀಮಿಂಗ್.