ನಿಮ್ಮ ಲೇಖನದ ‘ತಕ್ಷಣ’ದ ಕುರಿತು

ಮಾನ್ಯರೇ,

ಬ್ರೌಸರ್ ಎಂಜಿನ್ನಿನೊಳಗೆ ಸ್ಟ್ರೀಮ್ ಮತ್ತು ಪ್ರಾಮಿಸ್‌ಗಳನ್ನು ಅಳವಡಿಸುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. (ಎಂಜಿನ್ ಎಂದರೆ ಜಾಲಪುಟದ ಕೋಡನ್ನು ಓಡಿಸುವ ಭಾಗ, ಸ್ಟ್ರೀಮ್ ಎಂದರೆ ದತ್ತಾಂಶವನ್ನು ತುಣುಕುತುಣುಕಾಗಿ ಸಾಗಿಸುವ ವ್ಯವಸ್ಥೆ, ಪ್ರಾಮಿಸ್ ಎಂದರೆ ಮುಂದೆ ಸಿಗಲಿರುವ ಫಲಿತಾಂಶದ ಪರವಾಗಿ ನಿಲ್ಲುವ ಆಬ್ಜೆಕ್ಟ್.) ಭಾಷೆ ತಿಳಿಯಾಗಿದೆ. ಫೈರ್‌ಫಾಕ್ಸ್ ಓದುವ ಸ್ಟ್ರೀಮನ್ನು 2019ರಲ್ಲಿ 65ನೇ ಆವೃತ್ತಿಯಲ್ಲಿ, ಬರೆಯುವ ಸ್ಟ್ರೀಮನ್ನು 2022ರಲ್ಲಿ 100ನೇ ಆವೃತ್ತಿಯಲ್ಲಿ ಕೊಟ್ಟಿತೆಂಬ ವಿವರವೂ ಸರಿಯಾಗಿದೆ. ಇಷ್ಟು ಹೇಳಿ, ನನ್ನನ್ನು ಕೆಣಕಿದ ವಾಕ್ಯಕ್ಕೆ ಬರುತ್ತೇನೆ.

“ಸ್ಟ್ರೀಮಿಗೆ ತುಣುಕು ಬಂದ ತಕ್ಷಣ ಎಂಜಿನ್ ಆ ಪ್ರಾಮಿಸ್‌ನ ‘ದೆನ್’ ಅನ್ನು ಕರೆಯುತ್ತದೆ” ಎಂದು ಮೂರನೇ ಪ್ಯಾರಾದಲ್ಲಿ ಬರೆದಿದ್ದೀರಿ. ‘ದೆನ್’ ಎಂದರೆ ಪ್ರಾಮಿಸ್ ಈಡೇರಿದ ಮೇಲೆ ಓಡಬೇಕಾದ ಫಂಕ್ಷನ್ನನ್ನು ಕೊಡುವ ಮೆಥಡ್.

ಮೊದಲು ‘ತಕ್ಷಣ’ವನ್ನು ನೋಡೋಣ. ಪ್ರಾಮಿಸ್ ಈಡೇರಿದಾಗ, ‘ದೆನ್’ಗೆ ನಾವು ಕೊಟ್ಟಿದ್ದ ಫಂಕ್ಷನ್ ಆ ಗಳಿಗೆಯಲ್ಲೇ ಓಡುವುದಿಲ್ಲ, ಅದು ಮೈಕ್ರೊಟಾಸ್ಕ್‌ಗಳ (ಸದ್ಯದ ಕೋಡ್ ಮುಗಿದ ಕೂಡಲೇ ಓಡಲು ಕಾದಿರುವ ಚಿಕ್ಕ ಕೆಲಸಗಳ) ಸರದಿಗೆ ಸೇರುತ್ತದೆ, ಮತ್ತು ಸದ್ಯ ಓಡುತ್ತಿರುವ ಜಾವಾಸ್ಕ್ರಿಪ್ಟ್ ಮುಗಿದು ಕಾಲ್ ಸ್ಟ್ಯಾಕ್ (ಓಡುತ್ತಿರುವ ಫಂಕ್ಷನ್‌ಗಳ ಪಟ್ಟಿ) ಖಾಲಿಯಾದ ಮೇಲೆ ಎಂಜಿನ್ ಆ ಸರದಿಯನ್ನು ಪೂರ್ತಿ ಬರಿದು ಮಾಡುತ್ತದೆ. ಎಂದೋ ಈಡೇರಿರುವ ಪ್ರಾಮಿಸ್‌ಗೆ ಈಗ ‘ದೆನ್’ ಜೋಡಿಸಿದರೂ ನಿಯಮ ಇದೇ. ನಿಮ್ಮ ಉದಾಹರಣೆಯಲ್ಲಿ ‘ದೆನ್’ನೊಳಗೆ, ಸೊನ್ನೆಯಿಂದ ಶುರುವಾದ ಎಣಿಕೆಯನ್ನು ಒಂದು ಹೆಚ್ಚಿಸಿ, ‘ದೆನ್’ನ ಹೊರಗೆ ಮರುಸಾಲಿನಲ್ಲೇ ಅದನ್ನು ಮುದ್ರಿಸಿ, 1 ಬರುತ್ತದೆ ಎಂದಿದ್ದೀರಿ. ಬರುವುದು 0. ಕೋಡನ್ನು ಓಡಿಸದೆಯೇ ಫಲಿತಾಂಶ ಬರೆದಿದ್ದೀರಿ ಎಂಬುದು ತಪ್ಪಿಗಿಂತಲೂ ಹೆಚ್ಚು ಬೇಸರ ತಂದಿತು.

ಇನ್ನು ‘ದೆನ್ ಅನ್ನು ಕರೆಯುತ್ತದೆ’ ಎಂಬ ಮಾತು. ‘ದೆನ್’ ಇರುವುದು ಫಂಕ್ಷನ್ನನ್ನು ನೋಂದಾಯಿಸಲು. ತುಣುಕು ಬಂದಾಗ ಓಡುವುದು ಅದಲ್ಲ. ನೋಂದಾಯಿಸುವಾಗಲಾದರೂ, ‘ಪೈಪ್‌ಟು’, ‘ಟೀ’ಗಳಂಥ (ಒಂದು ಸ್ಟ್ರೀಮನ್ನು ಇನ್ನೊಂದಕ್ಕೆ ಹರಿಸುವ, ಒಂದನ್ನು ಎರಡಾಗಿ ಕವಲೊಡೆಸುವ) ಒಳಗೆಲಸಗಳಲ್ಲಿ ಎಂಜಿನ್ ಪುಟದ ಕೈಗೆ ಸಿಗುವ ‘ದೆನ್’ ಅನ್ನು ಮುಟ್ಟುವಂತಿಲ್ಲ, ಏಕೆಂದರೆ ಪುಟದ ಕೋಡ್, ಎಲ್ಲ ಪ್ರಾಮಿಸ್‌ಗಳೂ ಮೆಥಡ್‌ಗಳನ್ನು ಪಡೆಯುವ ಮೂಲ ಆಬ್ಜೆಕ್ಟ್ ಆದ ಪ್ರೊಟೊಟೈಪ್‌ನಲ್ಲಿರುವ ಅದನ್ನು ಕಿತ್ತು ತನ್ನದನ್ನು ಕೂರಿಸಿರಬಹುದು. ಅದಕ್ಕಾಗಿಯೇ ಸ್ಟ್ರೀಮ್ಸ್ ಸ್ಟ್ಯಾಂಡರ್ಡ್ (ಸ್ಟ್ರೀಮ್‌ಗಳ ನಿಯಮಾವಳಿ) ಅಲ್ಲೆಲ್ಲ ಪುಟಕ್ಕೆ ಕಾಣದ, ಜಾವಾಸ್ಕ್ರಿಪ್ಟ್ ಭಾಷೆಯ ಆಂತರಿಕ ಕ್ರಿಯೆಯನ್ನು ಬಳಸುತ್ತದೆ.

ಇದನ್ನು ನಾನು ಕಲಿತದ್ದು ಮುಖಭಂಗವಾಗಿಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ಟ್ರೀಮಿನಿಂದ ಮುಂದಿನ ತುಣುಕನ್ನು ಕೇಳುವ ‘ರೀಡ್’ ಮೆಥಡ್ಡಿನ ಒಳಭಾಗವನ್ನು ಹತ್ತು ಸಾಲುಗಳಲ್ಲಿ ಬರೆದು, ಮೊದಲು ತುಣುಕನ್ನು ಕೊಟ್ಟು ಪ್ರಾಮಿಸ್ಸನ್ನು ಈಡೇರಿಸಿ, ಆಮೇಲೆ ಆ ತುಣುಕನ್ನು ಸ್ಟ್ರೀಮಿನ ಸರದಿಯಿಂದ ತೆಗೆಯುವಂತೆ ಮಾಡಿದ್ದೆ. ಪರಿಶೀಲಿಸುತ್ತಿದ್ದ ಹಿರಿಯರು ಒಂದು ಮಾತೂ ಆಡದೆ ಕನ್ಸೋಲ್ ತೆರೆದು, ಎಲ್ಲ ಆಬ್ಜೆಕ್ಟ್‌ಗಳ ಮೂಲ ಪ್ರೊಟೊಟೈಪ್‌ಗೆ ‘ದೆನ್’ ಹೆಸರಿನ ಗೆಟರ್ (ಆ ಹೆಸರನ್ನು ಹುಡುಕಿದಾಗಲೇ ಓಡುವ ಫಂಕ್ಷನ್) ಒಂದನ್ನು ಸೇರಿಸಿ, ಅದರೊಳಗಿಂದ ಇನ್ನೊಮ್ಮೆ ‘ರೀಡ್’ ಕರೆದರು. ಪ್ರಾಮಿಸ್ಸಿಗೆ ಆಬ್ಜೆಕ್ಟ್ ಒಂದನ್ನು ಕೊಟ್ಟು ಈಡೇರಿಸಹೊರಟರೆ, ಆ ಆಬ್ಜೆಕ್ಟ್‌ನಲ್ಲಿ ‘ದೆನ್’ ಇದೆಯೇ ಎಂದು ಜಾವಾಸ್ಕ್ರಿಪ್ಟ್ ಅಲ್ಲಿಯೇ ಹುಡುಕುತ್ತದೆ. ಆ ಹುಡುಕಾಟದಲ್ಲಿ ಪುಟದ ಕೋಡ್ ನನ್ನ ಹತ್ತು ಸಾಲುಗಳ ನಡುವೆ ನುಗ್ಗಿತು. ಮೊದಲ ತುಣುಕು ಎರಡು ಸಲ ಬಂತು, ಎರಡನೆಯದು ಕಾಣೆಯಾಯಿತು. (ನಿಮ್ಮ ‘ತಕ್ಷಣ’ ನಿಜವಾಗಿ ಸಲ್ಲುವ ಜಾಗ ಇದೊಂದೇ, ಮತ್ತು ನೀವು ಅದನ್ನು ಹೇಳಿಲ್ಲ.) ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ಸರಿಹೋಗುವ ತಪ್ಪು, ಅದು ಹೇಗೆ ಸರಿಯಾಗುತ್ತದೆಂದು ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

“ಸ್ಟ್ರೀಮ್ ನದಿಯಂತೆ ತಾನಾಗಿ ಹರಿಯುತ್ತದೆ” ಎಂಬ ಹೋಲಿಕೆಯನ್ನೂ ಬಿಡಿ. ಅದು ನದಿಗಿಂತ ಕೆರೆಯ ತೂಬಿಗೆ ಹತ್ತಿರ. ತುಣುಕುಗಳು ಕಾಯುವ ಸರದಿಯ ಮಿತಿಯಿಂದ ಈಗಾಗಲೇ ಒಳಗಿರುವುದನ್ನು ಕಳೆದರೆ ಉಳಿಯುವುದು ‘ಡಿಸೈರ್ಡ್‌ಸೈಜ್’. ಮಿತಿಯನ್ನು ನಾವು ಹೇಳದಿದ್ದರೆ ಸಾಮಾನ್ಯ ಓದುವ ಸ್ಟ್ರೀಮಿಗೆ ಅದು 1. ಉಳಿಕೆ ಸೊನ್ನೆಗೆ ಇಳಿದು, ಓದಲು ಕಾದಿರುವವರೂ ಇಲ್ಲದಿದ್ದರೆ ಎಂಜಿನ್ ‘ಪುಲ್’ ಅನ್ನು (ಮೂಲದಿಂದ ಇನ್ನಷ್ಟು ತುಣುಕು ಕೇಳುವ ಫಂಕ್ಷನ್) ಕರೆಯುವುದಿಲ್ಲ. ‘ಪುಲ್’ ಪ್ರಾಮಿಸ್ ಒಂದನ್ನು ಹಿಂದಿರುಗಿಸಿದ್ದರೆ, ಅದು ಈಡೇರುವವರೆಗೂ ಮತ್ತೊಮ್ಮೆ ಕರೆಯುವುದಿಲ್ಲ. ಮತ್ತೆ ಎಳೆಯಬೇಕೆಂಬ ಗುರುತನ್ನಷ್ಟೇ ಇಟ್ಟುಕೊಂಡು ಕಾಯುತ್ತದೆ. ಸ್ಟ್ರೀಮ್, ಪ್ರಾಮಿಸ್ ಎಂಬ ನಿಮ್ಮ ಎರಡು ವಿಷಯಗಳು ಕೂಡುವ ಜಾಗ ಇದು, ಆದರೆ ಲೇಖನದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ಮೂರನೇ ಪ್ಯಾರಾವನ್ನು ಹೊಸದಾಗಿ ಬರೆದು, ಕೋಡನ್ನು ಓಡಿಸಿ, ಬಂದ ಫಲಿತಾಂಶವನ್ನು ಇದ್ದಂತೆಯೇ ಸೇರಿಸಿ ಕಳಿಸಿ. ಉಳಿದ ಪ್ಯಾರಾಗಳನ್ನು ನಾನು ಇಷ್ಟು ಗಮನವಿಟ್ಟು ಓದಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮುಂದಿನ ಕರಡಿನಲ್ಲಿ ಓದುತ್ತೇನೆ.

ಇಂತು,
ಸಂಪಾದಕ