ಬ್ರ್ಯಾಕೆಟ್ಟಿನಲ್ಲಿರುವ ಅಣ್ಣನನ್ನು ಹೊರಗೆ ಕರೆಯಿರಿ

ನಮಸ್ಕಾರ.

ನಿಮ್ಮ ಲೇಖನ ‘ಕನ್ಸೋಲ್ ಯುದ್ಧದಲ್ಲಿ ಪಿಸಿ ಗೇಮಿಂಗ್ ಉಳಿದೀತೇ?’ ತಲುಪಿದೆ. ಎರಡು ಸಲ ಓದಿದೆ. ಕಾಗುಣಿತ ಶುದ್ಧವಾಗಿದೆ, ಟಿವಿಗೆ ಜೋಡಿಸಿ ಆಡುವ ಡಬ್ಬಿಯಾದ ಕನ್ಸೋಲಿನ ಎದುರು ಕಂಪ್ಯೂಟರ್ ಆಟ ಉಳಿದೀತೇ ಎಂಬ ವಿಷಯ ಹೊಸದು, ಕನ್ನಡದಲ್ಲಿ ಇದರ ಬಗ್ಗೆ ಬರೆಯುವವರು ಕಡಿಮೆ. ಆದರೆ ಈಗಿರುವ ಹಾಗೆ ಇದನ್ನು ಅಚ್ಚಿಗೆ ಕೊಡಲಾರೆ. ನನ್ನನ್ನು ಕಾಡಿದ್ದು ಎರಡೇ ವಿಷಯ. ಅವನ್ನಷ್ಟೇ ಹೇಳುತ್ತೇನೆ.

ನಿಮ್ಮ ಎರಡನೇ ಸಾಲು ನೋಡಿ. “ಕನ್ಸೋಲ್‌ಗಳ ಆರ್ಭಟಕ್ಕೆ ಪಿಸಿ ಗೇಮಿಂಗ್ ಕೊನೆಯುಸಿರೆಳೆಯಲಿದೆ ಎಂದು ಹೇಳಲಾಗುತ್ತಿದೆ.” ಯಾರು ಹೇಳಿದರು? ಯಾವಾಗ? ಯಾವ ಆಟ ನೋಡಿ ಹೇಳಿದರು? ಈ ಭಯಕ್ಕೆ ನಿಜವಾದ ಕಾರಣಗಳಿದ್ದವು. 1999ರಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಸ್ಟೀವ್ ಜಾಬ್ಸ್ ‘ಹೇಲೋ’ ಆಟವನ್ನು ತೋರಿಸಿದರು. ಅದು ಮ್ಯಾಕ್‌ಗೂ ವಿಂಡೋಸ್‌ಗೂ ಬರಬೇಕಿದ್ದ ಆಟ. ಮರುವರ್ಷ ಮೈಕ್ರೋಸಾಫ್ಟ್ ಆ ಆಟ ಮಾಡುತ್ತಿದ್ದ ಬಂಜಿ ಕಂಪನಿಯನ್ನೇ ಕೊಂಡುಕೊಂಡಿತು. 2001ರ ನವೆಂಬರಿನಲ್ಲಿ ‘ಹೇಲೋ’ ಬಂದದ್ದು ಮೈಕ್ರೋಸಾಫ್ಟಿನದೇ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಜೊತೆಗೆ. ಕಂಪ್ಯೂಟರಿಗೆ ಬರುವಷ್ಟರಲ್ಲಿ 2003 ಆಗಿತ್ತು. ಕಂಪ್ಯೂಟರ್ ಮುಂದೆ ಕಾದು ಕೂತವನಿಗೆ ಆ ಎರಡು ವರ್ಷ ಹೇಗಿತ್ತು ಅಂತ ಬರೆಯಿರಿ. ಆಗ ‘ಕೊನೆಯುಸಿರು’ ಬೇಕಾಗುವುದಿಲ್ಲ, ‘ಹೇಳಲಾಗುತ್ತಿದೆ’ಯೂ ಬೇಕಾಗುವುದಿಲ್ಲ.

ಮೂರನೇ ಸಾಲು: “ಎಲ್ಲರಿಗೂ ತಿಳಿದಿರುವಂತೆ ಕನ್ಸೋಲ್ ಅಗ್ಗ, ಪಿಸಿ ದುಬಾರಿ.” ಯಾರ ಮನೆಯಲ್ಲಿ? ಕನ್ಸೋಲ್ ಕಂಪನಿಗಳು ಯಂತ್ರವನ್ನು ಕಡಿಮೆ ಲಾಭಕ್ಕೆ, ಕೆಲವು ಸಲ ನಷ್ಟಕ್ಕೇ ಮಾರಿ, ಆಟಗಳ ಮಾರಾಟದಲ್ಲಿ ಪಾಲು ತೆಗೆದುಕೊಂಡು ದುಡ್ಡು ಮಾಡುತ್ತವೆ. ಯಂತ್ರದ ಬೆಲೆ ನೋಡಿದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ. ಇನ್ನು ನಮ್ಮ ಮನೆಗಳ ಕಥೆ ಬೇರೆಯೇ ಅಲ್ವಾ? ಆಟದ ಡಬ್ಬಿಗೆ ಒಂದು ರೂಪಾಯಿ ಬಿಚ್ಚದ ಅಪ್ಪಂದಿರು ‘ಓದಿಗೆ ಬೇಕು’ ಅಂದರೆ ಸಾಲ ಮಾಡಿ ಕಂಪ್ಯೂಟರ್ ತಂದರು. ಹಗಲು ಓದು, ರಾತ್ರಿ ಆಟ. ಈ ಮಾತು ನಿಮಗೆ ಗೊತ್ತಿಲ್ಲದೆ ಇರುವುದಿಲ್ಲ. ‘ಎಲ್ಲರಿಗೂ ತಿಳಿದಿರುವಂತೆ’ ಅಂದ ಕೂಡಲೇ ನಿಮಗೆ ಮಾತ್ರ ತಿಳಿದದ್ದು ಹಿಂದೆ ಸರಿಯಿತು.

ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ವಾರಪತ್ರಿಕೆ ಸೇರಿದ್ದೆ. ಈರುಳ್ಳಿ ಬೆಲೆ ಕುಸಿದ ಬಗ್ಗೆ ಬರೆದುಕೊಟ್ಟೆ. ‘ರೈತರು ಕಂಗಾಲಾಗಿದ್ದಾರೆ ಎನ್ನಲಾಗಿದೆ’ ಅಂತ ಶುರುವಾಗಿತ್ತು. ನಮ್ಮ ಹಿರಿಯ ಉಪಸಂಪಾದಕರು ಅದರ ಪಕ್ಕ ಕೆಂಪು ಇಂಕಿನಲ್ಲಿ ‘ಯಾರು?’ ಅಂತ ಬರೆದರು. ಮುಂದಿನ ಸಾಲಿಗೂ ‘ಯಾರು?’ ಒಂದೇ ಪುಟದಲ್ಲಿ ಒಂಬತ್ತು ಸಲ. ಕೊನೆಗೆ ತಲೆ ಎತ್ತಿ, “ಅವರ ಮುಂದೆ ಎಷ್ಟು ಚೀಲ ಇತ್ತಪ್ಪಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾರನೇ ದಿನ ಬೆಳಗಿನ ಐದು ಗಂಟೆಗೆ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಹೋಗಿ ನಿಂತೆ. ಚೀಲದ ಮೇಲೇ ಮಲಗಿದ್ದ ಒಬ್ಬರನ್ನು ಮಾತಾಡಿಸಿದೆ. ನಲವತ್ತೊಂದು ಚೀಲ. ಆ ಸಂಖ್ಯೆ ಇವತ್ತಿಗೂ ಮರೆತಿಲ್ಲ.

ಈಗ ಎರಡನೇ ವಿಷಯ. ಇದಕ್ಕೇ ನನಗೆ ಸಿಟ್ಟು ಬಂದದ್ದು. ನಾಲ್ಕನೇ ಪುಟದ ಕೆಳಗೆ, ಬ್ರ್ಯಾಕೆಟ್ಟಿನಲ್ಲಿ, ಸುಮ್ನೆ ಹೀಗೆ ಬರೆದಿದ್ದೀರಿ: “ನಮ್ಮಣ್ಣ ಕೌಂಟರ್-ಸ್ಟ್ರೈಕ್‌ನಲ್ಲಿ ತನ್ನ ಹಾಸ್ಟೆಲ್ಲಿನದೇ ಮ್ಯಾಪ್ ಮಾಡಿದ್ದ.” ಅಂದರೆ ಆ ಗುಂಡಿನ ಕಾಳಗದ ಆಟ ನಡೆಯುವ ಜಾಗವಾಗಿ ತಮ್ಮ ಹಾಸ್ಟೆಲ್ಲನ್ನೇ ಕಟ್ಟಿದ್ದರು. ನೀವು ಬರೆದದ್ದು ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಪ್ರೊಸೆಸರ್ ವೇಗ.

ನಿಮ್ಮ ತಲೆಬರಹದ ಪ್ರಶ್ನೆಗೆ ಉತ್ತರ ಆ ಒಂದು ಸಾಲಿನಲ್ಲಿದೆ. ಕೌಂಟರ್-ಸ್ಟ್ರೈಕ್ ಹುಟ್ಟಿದ್ದೇ ಹಾಗೆ. 1999ರಲ್ಲಿ ಮಿನ್ ಲೀ, ಜೆಸ್ ಕ್ಲಿಫ್ ಎಂಬ ಇಬ್ಬರು ‘ಹಾಫ್-ಲೈಫ್’ ಆಟವನ್ನು ಬಿಚ್ಚಿ, ಅದರ ಮೇಲೆ ಕಟ್ಟಿದ ಮಾಡ್ ಅದು. ಮಾಡ್ ಅಂದರೆ ಇದ್ದ ಆಟವನ್ನು ಆಡುವವರೇ ಬದಲಿಸಿ ಮಾಡಿಕೊಂಡ ಹೊಸ ಆಟ. ಮರುವರ್ಷ ‘ಹಾಫ್-ಲೈಫ್’ ಮಾಡಿದ ವಾಲ್ವ್ ಕಂಪನಿಯೇ ಅದನ್ನು ತನ್ನದಾಗಿಸಿಕೊಂಡು ಅಂಗಡಿಗೆ ತಂದಿತು. ‘ವಾರ್‌ಕ್ರಾಫ್ಟ್ 3’ರಲ್ಲಿ ಆಟಗಾರರು ಮಾಡಿಕೊಂಡ ಮ್ಯಾಪಿನಿಂದ ಡೋಟಾ ಎಂಬ ಆಟ ಬಂತು. ನಮ್ಮ ಹುಡುಗರು ಮೊಬೈಲಿನಲ್ಲಿ ಮುಳುಗಿದ್ದ ಪಬ್ಜಿಯ ಬೇರು ಹುಡುಕಿದರೂ, ಬ್ರೆಂಡನ್ ಗ್ರೀನ್ ಎಂಬಾತ ‘ಆರ್ಮಾ 2’ ಆಟಕ್ಕೆ ಮಾಡಿದ ಮಾಡ್ ಸಿಗುತ್ತದೆ. ಸೋನಿಯ ಕನ್ಸೋಲ್ ಆದ ಪ್ಲೇಸ್ಟೇಷನ್ 2ಕ್ಕೆ ಡಿಸ್ಕ್ ಹಾಕಿ ಚೆನ್ನಾಗಿ ಆಡಬಹುದಿತ್ತು. ಆದರೆ ಕೊಂಡವರು ಹೆಚ್ಚಿನ ಆಟಗಳ ಒಳಗೆ ಕೈ ಹಾಕಿ ತಮ್ಮದೊಂದು ಗೋಡೆ ಎಬ್ಬಿಸುವಂತಿರಲಿಲ್ಲ. ಕಂಪ್ಯೂಟರಿನಲ್ಲಿ ಆಡುವವನೇ ಕಟ್ಟುವವನೂ ಆದ. ಪಿಸಿ ಉಳಿದದ್ದು ಪ್ರೊಸೆಸರ್ ವೇಗಕ್ಕಿಂತ ಜಾಸ್ತಿ ಇದರಿಂದ ಅಂತ ನನ್ನ ನಂಬಿಕೆ. ನಿಮ್ಮಣ್ಣ ಹಾಸ್ಟೆಲ್ಲಿನಲ್ಲಿ ಕೂತು ಅದನ್ನೇ ಮಾಡಿದ್ದಾರೆ. ನೀವು ಅವರನ್ನು ಬ್ರ್ಯಾಕೆಟ್ಟಿನೊಳಗೆ ಕೂರಿಸಿದ್ದೀರಿ!

ಅಣ್ಣನಿಗೆ ಫೋನ್ ಮಾಡಿ. ಎಷ್ಟು ರಾತ್ರಿ ಹಿಡಿಯಿತು? ಮೆಟ್ಟಿಲುಗಳನ್ನು ಎಣಿಸಿ ಬಂದಿದ್ದರಾ? ಮೆಸ್ಸಿನ ಕಿಟಕಿ, ನೀರಿನ ಟ್ಯಾಂಕು ಇದ್ದ ಜಾಗದಲ್ಲೇ ಇದ್ದವಾ? ಮೊದಲ ದಿನ ಆಡಿದ ಗೆಳೆಯರು ತಮ್ಮ ರೂಮಿನ ಬಾಗಿಲು ಕಂಡು ಏನಂದರು? ವಾರ್ಡನ್‌ಗೆ ಗೊತ್ತಾಯಿತಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಫೈಲು ಹಳೆಯ ಸಿಡಿಯಲ್ಲಿ ಎಲ್ಲಾದರೂ ಉಳಿದಿದ್ದರೆ ಒಂದು ಚಿತ್ರ ತೆಗೆದು ಕಳಿಸಿ, ಲೇಖನದ ಜೊತೆ ಹಾಕೋಣ.

ಮುಂದಿನ ತಿಂಗಳ ಸಂಚಿಕೆಯಲ್ಲಿ ಮೂರು ಪುಟ ನಿಮಗಾಗಿ ಇಟ್ಟಿದ್ದೇನೆ. 20ನೇ ತಾರೀಖಿನೊಳಗೆ ಕಳಿಸಿ.